ಟೋಗೊಗೆ ಹೊರಟವಳ ಪಾಸ್‌ಪೋರ್ಟ್

ದೇವರ ಮುಂದೆ ಇಟ್ಟಿದ್ದ ಪಾಸ್‌ಪೋರ್ಟ್ ಮಾಯವಾಗಿತ್ತು!

ರಾತ್ರಿ ವೈಷ್ಣವಿ ತಾನೇ ಅದನ್ನು ಅಲ್ಲಿಟ್ಟು, ವಿಭೂತಿ ಹಚ್ಚಿ ಮಲಗಿದ್ದಳು. ಮಧ್ಯಾಹ್ನ ಹ್ಯೂಸ್ಟನ್‌ನಿಂದ ವಿಮಾನ. ಪಶ್ಚಿಮ ಆಫ್ರಿಕಾದ ಪುಟ್ಟ ದೇಶ ಟೋಗೊದ ಶಾಲೆಯೊಂದರಲ್ಲಿ ಎರಡು ವರ್ಷ ಪಾಠ ಹೇಳುವ ಕೆಲಸ. ಇವತ್ತು ಹೊರಡದಿದ್ದರೆ ಆ ಜಾಗ ಬೇರೆಯವರ ಪಾಲು.

ಪಕ್ಕದ ಮನೆಯ ಹಯಗ್ರೀವ ಕಾಫಿ ಲೋಟ ಅಲ್ಲೇ ಬಿಟ್ಟು ಓಡಿ ಬಂದರು. ಮೈಸೂರಿನವರು, ಹ್ಯೂಸ್ಟನ್‌ನ ತೈಲ ಕಂಪನಿಗಳ ಬಡಾವಣೆ ಎನರ್ಜಿ ಕಾರಿಡಾರ್‌ನಲ್ಲಿ ಎಂಜಿನಿಯರ್. ಕಳೆದುಹೋದದ್ದನ್ನು ಹುಡುಕಿಕೊಡುವುದರಲ್ಲಿ ಬೀದಿಗೇ ಹೆಸರುವಾಸಿ. ಈ ಹುಡುಗಿ ಅವರ ಸೋಫಾದ ಮೇಲೆ ಕುಣಿದು ಬೆಳೆದವಳು—ಬರದೆ ಇರುತ್ತಾರೆಯೇ?

"ಕಳ್ಳರೇನಾದ್ರೂ ಬಂದಿದ್ರೇನಮ್ಮ?"

"ನೋ ಅಂಕಲ್, ಡೋರ್ ಲಾಕ್ ಆಗಿತ್ತು. ಅಪ್ಪಾನೇ ಹೈಡ್ ಮಾಡಿದಾರೆ, ಐ ನೋ!"

ಅನುಮಾನಕ್ಕೆ ಕಾರಣವಿತ್ತು. ಅಪ್ಪ ಸಂಗನಬಸಪ್ಪ ಹೋಗಬೇಡವೆಂದು ತಿಂಗಳಿಂದ ಮನೆ ಹಾರಿಹೋಗುವಂತೆ ಕೂಗಾಡುತ್ತಿದ್ದರು.

"ನೀವು ತಗೊಂಡ್ರಾ?" ಹಯಗ್ರೀವ ಅವರನ್ನೇ ಕೇಳಿದರು.

"ನಾ ಯಾಕ ತಗೊಳ್ಳಲಿರೀ? ಬ್ಯಾಡ ಅಂದದ್ದು ಖರೆ. ಅಲ್ಲಿ ರಾತ್ರಿ ರಸ್ತೆದಾಗ ದರೋಡೆ, ಸರ್ಕಾರದ ವಿರುದ್ಧ ಮಾತಾಡಿದ್ರ ಜೈಲು ಅಂತ ಇಂಟರ್‌ನೆಟ್‌ನ್ಯಾಗ ಓದಿ ನಿದ್ದಿ ಬಂದಿಲ್ಲ. ಆದ್ರ ಮಗಳದ್ದು ಕದಿಯಂಗಿಲ್ಲರೀ!"

ಗೊಣಗುತ್ತಲೇ ಅವರು ಮಗಳ ಸೂಟ್‌ಕೇಸಿಗೆ ಇನ್ನೊಂದು ಬೀಗ ಜಡಿದರು.

ಅಡುಗೆಮನೆಯಲ್ಲಿ ಅಜ್ಜಿ ಶಾಂತವ್ವ ಕೂತಿದ್ದರು. ತಾಯಿಯಿಲ್ಲದ ಮೊಮ್ಮಗಳನ್ನು ಸಾಕಿದವರು ಅವರೇ. ಒಲೆ ತಣ್ಣಗಿತ್ತು, ಕಟ್ಟೆ ಒರೆಸಿ ಲಕಲಕ ಹೊಳೆಯುತ್ತಿತ್ತು.

"ಅಮ್ಮಾ, ಪಾಸ್‌ಪೋರ್ಟ್ ನೋಡಿದ್ರಾ?"

"ನನಗೇನ್ ತಿಳೀತದ ತಮ್ಮಾ?"

ಹಯಗ್ರೀವ ಒಲೆಯ ಕಡೆ ನೋಡಿದರು. ಬಾಗಿಲ ಬಳಿಯ ಸಾಮಾನಿನ ಕಡೆ ನೋಡಿದರು. ಆಮೇಲೆ ಅಜ್ಜಿಯ ಎದುರು ಕೂತು ಮೆಲ್ಲಗೆ ಹೇಳಿದರು:

"ಕೊಟ್ಬಿಡಿ ಅಮ್ಮಾ."

"ಏನಂತೀರಿ?" ಸಂಗನಬಸಪ್ಪ ಒಳಗೆ ನುಗ್ಗಿದರು. "ನಮ್ಮವ್ವನ ಮ್ಯಾಲ ಸಂಶೇನ?"

"ಹೋದ ವಾರ ನಾವಿಬ್ರೂ ಆಸ್ಟಿನ್‌ಗೆ ಡ್ರೈವ್ ಮಾಡಿದ್ವಲ್ಲ, ಕಾರಲ್ಲಿ ಏನಿತ್ತು?"

"ಬುತ್ತಿ. ಅವ್ವ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ."

"ಇರ್ವಿಂಗ್ ದೇವಸ್ಥಾನಕ್ಕೆ ಹೋದಾಗ?"

"ಆಗೂ ಬುತ್ತಿ…"

"ಮೂರು-ನಾಲ್ಕು ಗಂಟೆ ದಾರಿಗೂ ಬುತ್ತಿ ಕಟ್ಟದೆ ಹೊಸಲು ದಾಟಿಸದವರು, ಮೊಮ್ಮಗಳು ಆಫ್ರಿಕಾಗೆ ಹೊರಟ ದಿನ ಒಲೇನೇ ಹಚ್ಚಿಲ್ಲ. ನೀವು ಬೈಕೊಂಡ್ರೂ ಬೀಗ ಹಾಕ್ತಿದ್ರಿ, ಅವಳು ಹೋಗ್ತಾಳೆ ಅಂತ. ಹೋಗೋದಿಲ್ಲ ಅಂತ ಈ ಮನೇಲಿ ಗೊತ್ತಿದ್ದದ್ದು ಒಬ್ಬರಿಗೇ."

ಶಾಂತವ್ವ ಎದ್ದು ಜೋಳದ ಹಿಟ್ಟಿನ ಡಬ್ಬಿಗೆ ಕೈ ಹಾಕಿದರು. ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಸುತ್ತಿದ್ದ ಪಾಸ್‌ಪೋರ್ಟ್ ಹೊರಬಂತು. ಅವರ ಕಣ್ಣು ತುಂಬಿತ್ತು.

"ಅಲ್ಲಿ ಬಾಯಿ ತೆಗೆದ್ರ ಒಳಗ ಹಾಕ್ತಾರಂತ. ಈಕಿ ಬಾಯಿ ನಿಮಗ ಗೊತ್ತಿಲ್ಲೇನು? ಸುಮ್ನ ಇರಾಕಿ ಏನ್ ಈಕಿ?"

ವೈಷ್ಣವಿಗೆ ನಗು, ಅಳು ಒಟ್ಟಿಗೇ ಬಂದವು. ಅಜ್ಜಿಯನ್ನು ತಬ್ಬಿಕೊಂಡಳು.

"ಅವರಿಗಿಂತ ಮೊದ್ಲು ನೀನೇ ನನ್ನ ಒಳಗ ಹಾಕಿದೆಲ್ಲ, ಅಜ್ಜಿ!"

ಶಾಂತವ್ವ ಸೆರಗಿನಿಂದ ಚೀಲದ ಮೇಲಿನ ಹಿಟ್ಟು ಒರೆಸಿ, ಪಾಸ್‌ಪೋರ್ಟನ್ನು ಮೊಮ್ಮಗಳ ಕೈಗಿಟ್ಟರು. ಕಾರಿನಲ್ಲಿ ಅವಳ ಪಕ್ಕದಲ್ಲೇ ಕೂತು, ವಿಮಾನ ನಿಲ್ದಾಣದವರೆಗೂ ಆ ಕೈ ಹಿಡಿದೇ ಇದ್ದರು. ಅಲ್ಲಿ, ಯಾರೂ ಹೇಳುವ ಮೊದಲೇ, ತಾವಾಗಿ ಬಿಟ್ಟರು.