ಮೂರು ಗಂಟೆಯ ನಂತರದ ಹಾಡು

ಮೌನಿಯ ಹೆಣವನ್ನು ಮೊದಲು ಕಂಡವನು ಗಾಯಕ. ಅವನ ಕೂಗು ಕೇಳಿ ನಾನು ವೇದಿಕೆಗೆ ಓಡಿದಾಗ ಮಧ್ಯಾಹ್ನ ಮೂರೂವರೆ. ಮೌನಿ ತನ್ನ ಹಳೆಯ ಸಿಂಥಸೈಜರ್ ಕೀಬೋರ್ಡಿನ ಬುಡದಲ್ಲಿ ಬೋರಲು ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು, ಪಕ್ಕದಲ್ಲಿ ರಕ್ತ ಹತ್ತಿದ ಸ್ಪ್ಯಾನರ್ ಇತ್ತು. ವಾದ್ಯದ ಕೆಂಪು ದೀಪ ಏನೂ ಆಗಿಲ್ಲವೆಂಬಂತೆ ಉರಿಯುತ್ತಿತ್ತು. ವೇದಿಕೆಯ ಕಪ್ಪು ಷರ್ಟು ತೊಟ್ಟಿದ್ದ ಗಾಯಕ ಪಕ್ಕದಲ್ಲೇ ನಿಂತು ಇನ್ನೂ ಕೂಗುತ್ತಿದ್ದ.

ಅವರಿಬ್ಬರೇ ಕಟ್ಟಿದ ತಂಡ ಅದು. ಒಬ್ಬ ನುಡಿಸುವವನು, ಒಬ್ಬ ಹಾಡುವವನು. ಹೊಸ ಆಲ್ಬಮ್ ಹಿಡಿದು ದೇಶ ದೇಶ ತಿರುಗುತ್ತಿದ್ದೆವು. ಹತ್ತು ಊರು ಮುಗಿದು ಇಪ್ಪತ್ತೊಂದು ಬಾಕಿ ಇದ್ದವು. ನಾನು ಸಾಮಾನಿನ ಲಾರಿ ಓಡಿಸುವವನು. ಸ್ಪ್ಯಾನರ್ ನಮ್ಮ ಎಲೆಕ್ಟ್ರಿಷಿಯನ್‌ದು. ಅವನು ನನ್ನ ಹೆಂಡತಿಯ ತಮ್ಮ, ಕೆಲಸಕ್ಕೆ ಸೇರಿಸಿದ್ದೂ ನಾನೇ.

ಅಂದು ಬೆಳಿಗ್ಗೆ ಅವನಿಗೂ ಮೌನಿಗೂ ಜಗಳವಾಗಿತ್ತು. ಸುಟ್ಟ ವೈರ್ ಬದಲಿಸಲು ಎರಡರಿಂದ ಮೂರರವರೆಗೆ ವೇದಿಕೆಯ ಕರೆಂಟ್ ತೆಗೆಯಬೇಕೆಂದು ಅವನು ಹೇಳಿದ್ದೇ ತಡ, ಎಂದೂ ದನಿ ಎತ್ತದ ಮೌನಿ ಕೂಗಾಡಿದ್ದ.

"ಒಂದು ಗಂಟೆ ತೆಗೆದ್ರೆ ನನ್ನ ವಾದ್ಯ ತಣ್ಣಗಾಗತ್ತೆ. ಮತ್ತೆ ಶ್ರುತಿಗೆ ಬರೋಕೆ ಅರ್ಧ ಗಂಟೆ ಬೇಕು, ಗೊತ್ತಾ ನಿಂಗೆ?"

"ಹಾಗಾದ್ರೆ ಶಾಕ್ ಹೊಡೆದು ಸಾಯಿರಿ!" ಎಂದಿದ್ದ ಇವನು. ಅದನ್ನು ಕೇಳದವರು ಯಾರೂ ಇರಲಿಲ್ಲ, ಹೋಟೆಲಿನಲ್ಲಿ ಇನ್ನೂ ಮಲಗಿದ್ದ ಗಾಯಕನೊಬ್ಬನ ಹೊರತು.

ಗಾಯಕ ಇನ್‌ಸ್ಪೆಕ್ಟರಿಗೆ ಹೇಳಿದ್ದಿಷ್ಟು: "ಮೂರು ಹತ್ತಕ್ಕೆ ಬಂದೆ. ಬಾಗಿಲ ಹೊರಗೆ ನಿಂತು ಅವನು ನುಡಿಸೋದನ್ನ ಪೂರ್ತಿ ಕೇಳಿದೆ. ಫೋನ್ ಮಾಡೋಕೆ ಆಚೆ ಹೋಗಿ ಬರೋಷ್ಟರಲ್ಲಿ ಹೀಗಾಗಿತ್ತು." ಎರಡರಿಂದ ಮೂರರವರೆಗೆ ನನ್ನ ಭಾವಮೈದುನ ಸ್ವಿಚ್ ಕೋಣೆಯಲ್ಲಿ ನನ್ನ ಮತ್ತು ಕಾವಲುಗಾರನ ಕಣ್ಣೆದುರೇ ಇದ್ದ. ಮೂರರ ನಂತರ ವೇದಿಕೆಯ ಮೇಲಿನ ದೀಪ ನೋಡಲು ಒಬ್ಬನೇ ಹತ್ತಿದ್ದ. ಅವನ ಮಾತನ್ನು ಯಾರೂ ನಂಬಲಿಲ್ಲ, ಅವನ ಕೈಗೆ ಕೋಳ ಬಿತ್ತು.

ನಾನು ನೇರವಾಗಿ ದೊಡ್ಡಮ್ಮನ ಕೋಣೆಗೆ ಹೋದೆ. ತಂಡದ ಬಟ್ಟೆಬರೆ ನೋಡಿಕೊಳ್ಳುವ ಅರವತ್ತರ ಹೆಂಗಸು ಅವಳು. ಏಳು ಪ್ರವಾಸಗಳಲ್ಲಿ ನಮ್ಮೊಳಗಿನ ಎಷ್ಟೋ ಕಳ್ಳತನ, ಮೋಸ ಪತ್ತೆ ಮಾಡಿದ್ದು ಪೊಲೀಸರಲ್ಲ, ಅವಳು.

"ದೊಡ್ಡಮ್ಮ, ನಾಳೆ ನಾವು ಹೊರಟುಬಿಟ್ರೆ ಈ ಪರದೇಶದಲ್ಲಿ ಅವನಿಗೆ ದಿಕ್ಕು ಯಾರು?"

ಅವಳು ಇಸ್ತ್ರಿ ಪೆಟ್ಟಿಗೆ ಎತ್ತಿಟ್ಟಳು. "ಅಳಬೇಡ್ವೋ. ಗಾಯಕ ಮಧ್ಯಾಹ್ನ ಹೋಟೆಲಿಂದ ಹೊರಟಾಗ ಬೂದು ಷರ್ಟ್ ಹಾಕಿದ್ದ. ಕಾರ್ಯಕ್ರಮ ಇರೋದು ಏಳಕ್ಕೆ. ಮೂರೂವರೆಗೇ ಕಪ್ಪು ಷರ್ಟ್ ಯಾಕೆ?"

ಪೊಲೀಸರು ಬಂದೊಡನೆ ವೇದಿಕೆಯ ಕರೆಂಟ್ ತೆಗೆಸಿದ್ದರು. ಐದೂವರೆಗೆ ದೊಡ್ಡಮ್ಮ ಅವರನ್ನು ಒಪ್ಪಿಸಿ ಎಲ್ಲರನ್ನೂ ಅಲ್ಲಿ ಸೇರಿಸಿ, ಕರೆಂಟ್ ಕೊಡಿಸಿ, ತಂಡದ ಮ್ಯಾನೇಜರಿಗೆ ಸಿಂಥಸೈಜರಿನ ಒಂದು ಕೀ ಒತ್ತಿ ಹಿಡಿಯಲು ಹೇಳಿದಳು.

"ಮೂರು ಹತ್ತಕ್ಕೆ ನೀನು ಕೇಳಿದ ಹಾಡು ಹೇಗಿತ್ತಪ್ಪ?"

"ಆಲ್ಬಮ್ಮಿನಲ್ಲಿ ಇದ್ದ ಹಾಗೇ. ಒಂದು ಸ್ವರನೂ ಅಲುಗಾಡಲಿಲ್ಲ," ಎಂದ ಗಾಯಕ.

"ಈಗ ಇದರ ಜೊತೆ ಮೊದಲ ಸಾಲು ಹಾಡು."

ಅವನು ಬಾಯಿ ತೆರೆದ. ಸ್ವರ ಅವನ ದನಿಯ ಕೆಳಗಿಂದ ಜಾರುತ್ತಾ ಹೋಯಿತು. ನನ್ನಂಥವನ ಕಿವಿಗೂ ಅದು ಕರ್ಕಶವಾಗಿ ಕೇಳಿಸಿತು. ಎರಡನೇ ಪದಕ್ಕೇ ಅವನು ನಿಲ್ಲಿಸಿದ.

"ನೋಡಿ ಸಾಹೇಬ್ರೇ," ಎಂದಳು ದೊಡ್ಡಮ್ಮ. "ಮೂರಕ್ಕೆ ಕರೆಂಟ್ ಬಂದಾಗ ವಾದ್ಯ ತಾನಾಗೇ ಹತ್ತಿಕೊಂಡಿದೆ, ಈಗಿನ ಹಾಗೇ ತಣ್ಣಗಿತ್ತು. ಹತ್ತು ನಿಮಿಷಕ್ಕೆ ಅದು ಹೀಗೇ ಒದರಬೇಕು, ಹಾಡಾಗಲ್ಲ. ಮೌನಿ ಬೆಳಿಗ್ಗೆ ಕೂಗಿದ್ದೂ ಅದನ್ನೇ. ಅಂದ್ರೆ ಇವನು ಹಾಡು ಕೇಳೇ ಇಲ್ಲ. ಮತ್ಯಾಕೆ ಕೇಳಿದೆ ಅಂದ? ಮೂರಾದ ಮೇಲೂ ಮೌನಿ ಬದುಕಿದ್ದ ಅಂತ ನಂಬಿಸೋಕೆ. ಹಾಗಾದ್ರೆ ಸಾವು ಆಗಿದ್ದು ಅದಕ್ಕೂ ಮುಂಚೆ, ಕರೆಂಟ್ ಇಲ್ಲದಾಗ. ಆಗ ಈ ಹುಡುಗ ಇಬ್ಬರ ಕಣ್ಣೆದುರು ಇದ್ದ. ಅವನ ಸ್ಪ್ಯಾನರ್ ಮಾತ್ರ ಇಲ್ಲಿ ಉಳಿದಿತ್ತು. ಬೂದು ಷರ್ಟ್ ಎಲ್ಲಿ ಅಂತ ಇವನನ್ನೇ ಕೇಳಿ."

ಪೊಲೀಸರೇ ಹುಡುಕಿದರು. ಗಾಯಕನ ಉಡುಪಿನ ಟ್ರಂಕಿನ ತಳದಲ್ಲಿ ಅದು ಸಿಕ್ಕಿತು. ತೋಳೆಲ್ಲ ರಕ್ತ.

ಗಾಯಕ ಆ ಷರ್ಟಿನಿಂದ ಮುಖ ತಿರುಗಿಸಿದ. "ಈ ಊರೇ ಕೊನೆ, ಇನ್ನು ನನ್ನಿಂದಾಗಲ್ಲ ಅಂದ್ಬಿಟ್ಟ ಮೌನಿ. ಟಾರ್ಚ್ ಹಿಡ್ಕೊಂಡು ಕೀ ಒರೆಸ್ತಾ, ನನ್ನ ಕಡೆ ತಿರುಗಿಯೂ ನೋಡದೆ. ಅವನಿಲ್ದೆ ನಾನ್ಯಾರು ದೊಡ್ಡಮ್ಮ? ಬರೀ ಬಾಯಿ."

"ಹನ್ನೆರಡು ವರ್ಷ ಪಕ್ಕದಲ್ಲಿ ನಿಂತು ಹಾಡಿದೆ. ಅವನು ದಿನಾ ಅರ್ಧ ಗಂಟೆ ಮೊದಲೇ ಬಂದು ವಾದ್ಯ ಹಾಕಿ ಯಾಕೆ ಕಾಯ್ತಾನೆ ಅಂತ ಒಂದು ದಿನ ಕೇಳಿದ್ರೆ ಈ ಸುಳ್ಳು ನಿನ್ನ ಬಾಯಿಗೆ ಬರ್ತಿರಲಿಲ್ಲ," ಎಂದಳು ಅವಳು. ದನಿಯಲ್ಲಿ ಕೋಪವಿರಲಿಲ್ಲ.

ಇನ್‌ಸ್ಪೆಕ್ಟರ್ ಕೋಳ ಬಿಚ್ಚಿ "ನೀನಿನ್ನು ಹೋಗಬಹುದು" ಎಂದರು. ನನ್ನ ಭಾವಮೈದುನ ಏಳಲೇ ಇಲ್ಲ.

"ಕರೆಂಟ್ ಕೊಟ್ಟ ಕೂಡಲೇ ಮೌನಿಯವರ ಹತ್ರ ಹೋಗಿ ತಪ್ಪಾಯ್ತು ಅನ್ನೋಣ ಅಂತಿದ್ದೆ ಭಾವ. ವೇದಿಕೆಯ ದೀಪ ಇನ್ನೂ ಹಾಕಿರಲಿಲ್ಲ, ಕತ್ತಲಲ್ಲೇ ಮೆಟ್ಟಿಲವರೆಗೂ ಬಂದೆ. ಮುಖ ನೋಡೋಕೆ ನಾಚಿಕೆಯಾಗಿ ಹಾಗೇ ಮೇಲೆ ಹತ್ತಿಬಿಟ್ಟೆ."

ಅವನು ಹೆಣ ಪರೀಕ್ಷಿಸಿದ್ದ ಪೊಲೀಸ್ ಡಾಕ್ಟರ ಕಡೆ ತಿರುಗಿದ. "ಸಾರ್, ಮೂರು ಗಂಟೆಗೆ ಅವರಿಗೆ ಇನ್ನೂ ಉಸಿರಿತ್ತಾ? ನಾನು ಹೋಗಿದ್ರೆ ಉಳೀತಿದ್ರಾ?"

ಡಾಕ್ಟರು ಬಾಯಿ ತೆರೆಯುವ ಮೊದಲೇ ದೊಡ್ಡಮ್ಮ "ಇರಲಿಲ್ಲ ಮಗ, ಏಳು," ಎಂದಳು. ಡಾಕ್ಟರು ಅವಳನ್ನೊಮ್ಮೆ ನೋಡಿ, ತಲೆ ತಗ್ಗಿಸಿ, ಚೀಲ ಮುಚ್ಚಿದರು.