ಈರುಳ್ಳಿ ಸೂಪ್ ಆದಮೇಲೆ

ಬೆಂಗಳೂರಿನ ಐಟಿ ಹುಡುಗ ಶಿಶಿರ್‌ಗೆ ಫ್ರೆಂಚ್ ಅಡುಗೆಯ ಹುಚ್ಚು. ಧಾರವಾಡದ ನನಗೆ ಆ ಹುಡುಗನ ಹುಚ್ಚು. ಇಬ್ಬರೂ ಕೆಲಸಕ್ಕೆಂದು ಬಂದ ವಿಲಾಯತಿಯಲ್ಲಿ, ಸೌತ್‌ಹಾಲ್‌ನ ತರಕಾರಿ ಅಂಗಡಿಯಲ್ಲಿ ಪರಿಚಯವಾಗಿ ಆರು ತಿಂಗಳಾಗಿತ್ತು. ಕಣ್ಣಲ್ಲೇ ಎಲ್ಲ, ಬಾಯಲ್ಲಿ ಒಂದು ಮಾತಿಲ್ಲ.

ಶನಿವಾರ ಮಧ್ಯಾಹ್ನ ಕಿಂಗ್ಸ್‌ಬರಿಯ ತನ್ನ ಫ್ಲಾಟಿಗೆ ಊಟಕ್ಕೆ ಕರೆದ. ಇವತ್ತೂ ಅವನು ಬಾಯಿ ಬಿಡದಿದ್ದರೆ, ಇಲ್ಲಿನ ಏರ್‌ಪೋರ್ಟಿನ ಕೆಲಸದಿಂದ ದೂರದ ಮ್ಯಾಂಚೆಸ್ಟರ್ ಏರ್‌ಪೋರ್ಟಿಗೆ ಬಂದಿದ್ದ ವರ್ಗಾವಣೆಗೆ ಸೋಮವಾರ ಒಪ್ಪಿಬಿಡುತ್ತೇನೆ ಎಂದುಕೊಂಡೇ ಫೆಲ್ಥಮ್‌ನ ನನ್ನ ರೂಮಿನಿಂದ ಹೊರಟೆ. ವರ್ಗಾವಣೆಯ ವಿಷಯ ಅವನಿಗೂ ಗೊತ್ತಿತ್ತು.

ಈರುಳ್ಳಿ ಸೂಪ್ ಕೊಟ್ಟ. ಬಲು ರುಚಿಯಾಗಿತ್ತು. ನಾನು ಕುಡಿಯುವುದನ್ನೇ ನೋಡುತ್ತಿದ್ದವನು, ಕಣ್ಣಿಗೆ ಕಣ್ಣು ಸಿಕ್ಕಿದ್ದೇ ತಡ, ಕಿವಿ ಕೆಂಪಾಗಿಸಿಕೊಂಡು ಬಟ್ಟಲು ಎತ್ತಿ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡ. ಹತ್ತು ನಿಮಿಷವಾದರೂ ಸುಳಿವಿಲ್ಲ.

ನಮ್ಮ ಕಡೆ ಬಟ್ಟಲು ಎತ್ತಿದರೆ ಊಟ ಮುಗಿಯಿತೆಂದೇ ಅರ್ಥ. ಕರೆದು ಬರೀ ಸೂಪ್ ಕುಡಿಸಿ ಕಳಿಸುವವನ ಮನಸ್ಸಿನಲ್ಲಿ ನಾನೆಲ್ಲಿರಬೇಕು? ಅಳು ಬಂತು, ಹಸಿವೆಯೂ ಇತ್ತು. ಮುಚ್ಚಿದ ಬಾಗಿಲಿಗೇ "ಬರ್ತೀನ್ರಿ" ಎಂದು ಹೇಳಿ ಹೊರಬಿದ್ದೆ.

ಲಿಫ್ಟ್ ಬರುವಷ್ಟರಲ್ಲಿ ಏಪ್ರನ್‌ನಲ್ಲೇ ಓಡಿಬಂದ. "ಅನ್ವಿತಾ! ಅಷ್ಟು ಕೆಟ್ಟದಾಗಿತ್ತಾ?"

"ಚೊಲೋನ ಇತ್ತು. ಊಟ ಮುಗೀತಲ್ಲ, ಹೊಂಟೆ."

"ಮುಗೀತಾ? ಅದು ಫಸ್ಟ್ ಕೋರ್ಸ್ ರೀ! ಇನ್ನೂ ನಾಲ್ಕಿವೆ."

ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಅದಕ್ಕೇ ಜಗಳ ತೆಗೆದೆ. "ಎಲ್ಲಾ ಒಮ್ಮೆಲೆ ತಂದಿಟ್ರ ಏನಾಗ್ತಿತ್ತು?"

"ರಾಜರ ಕಾಲದಲ್ಲಿ ಫ್ರಾನ್ಸಲ್ಲೂ ಹತ್ತಾರು ಐಟಮ್ ಒಟ್ಟಿಗೇ ಇಡ್ತಿದ್ರು. ಒಂದಾದ್ಮೇಲೊಂದು ಬಡಿಸೋದು ರಷ್ಯಾದವರ ಸ್ಟೈಲ್. ಪ್ಯಾರಿಸ್‌ಗೆ ಬಂದು ಇನ್ನೂರು ವರ್ಷ ಆಯ್ತು ಅಷ್ಟೆ."

"ಹಂಗಾರ ರಷ್ಯಾದವರನ್ನ ಬಿಡ್ರಿ. ಎಲ್ಲಾ ತರ್ರಿ."

ಮತ್ತೆ ಒಳಗೆ ಕರೆದು ಕೂರಿಸಿ ಎಲ್ಲ ತಂದ. ಫ್ರಾನ್ಸಿನ ದಕ್ಷಿಣದವರು ಎಣ್ಣೆಯಲ್ಲಿ ಮಾಡುವ ರಾಟಟೂಯಿ, ನಮ್ಮ ಬದನೆಕಾಯಿ ಪಲ್ಯದ ದೂರದ ನೆಂಟ. ಬೆಟ್ಟದ ಕಡೆಯವರು ಕ್ರೀಮಿನಲ್ಲಿ ಬೇಯಿಸುವ ಆಲೂಗಡ್ಡೆ. ಸಕ್ಕರೆ ಪಾಕದಲ್ಲಿ ಬೆಂದ ಪೇರ್ ಹಣ್ಣು.

"ಮೂರ ಅದಾವಲ್ಲ. ನಾಲ್ಕನೇದು?"

ಮತ್ತೆ ಕಿವಿ ಕೆಂಪಾಯಿತು. "ಅದು ತಿನ್ನೋದಲ್ಲ, ಕೇಳೋದು. ಸ್ವೀಟ್ ಆದ್ಮೇಲೆ ಕೇಳೋಣ ಅಂತ... ಒಳಗೆ ಅದನ್ನೇ ಪ್ರಾಕ್ಟೀಸ್ ಮಾಡ್ತಾ ನಿಂತಿದ್ದೆ."

"ಎಲ್ಲಾ ತರ್ರಿ ಅಂದೀನಲ್ಲ. ಅದನ್ನೂ ತರ್ರಿ."

"ಮ್ಯಾಂಚೆಸ್ಟರ್‌ಗೆ ಹೋಗ್ಬೇಡಿ. ನನ್ನ ಮದುವೆ ಆಗ್ತೀರಾ?"

"ಹೂಂನ್ರಿ" ಎಂದೆ, ಒಂದು ತುತ್ತೂ ಬಾಯಿಗಿಡುವ ಮೊದಲೇ. ಅವನು ಬಡಿಸುವುದನ್ನೇ ಮರೆತು ನಗುತ್ತ ಕೂತ. ಇಬ್ಬರ ತಟ್ಟೆಗೂ ನಾನೇ ಬಡಿಸಿದೆ.