ಆಲ್ಗೋತಜ್ಜ ನೆಟ್ಟ ಕೊಂಬೆಗಳು

ನಾನು ಕುಡಿದಿರಲಿಲ್ಲ, ಅದನ್ನು ಮೊದಲೇ ಹೇಳಿಬಿಡ್ತೀನಿ.

ಉತ್ತರದ ಹಿಮನಾಡಾದ ನಮ್ಮ ಯೆಮ್ಟ್‌ಲಾಂಡಿನಲ್ಲಿ ಕೆರೆ ಹೆಪ್ಪುಗಟ್ಟಿದ ಮೇಲೆ, ದಾಟುವವರಿಗೆ ಗುರುತಾಗಲೆಂದು ಗಟ್ಟಿ ಮಂಜುಗಡ್ಡೆಯಿರುವ ದಾರಿಯುದ್ದಕ್ಕೂ ಸ್ಪ್ರೂಸ್ ಎಂಬ ಸೂಜಿಯೆಲೆ ಮರದ ಕೊಂಬೆ ನೆಡುತ್ತೇವೆ. ಆ ಕೆಲಸ ಯಾವಾಗಲೂ ಆಲ್ಗೋತಜ್ಜನದು. ಚಳಿಗಾಲಕ್ಕೆ ಮುಂಚೆ ಅವನು ತೀರಿಕೊಂಡ. ಅವರು ನೆಡ್ತಾರೆ, ಇವರು ನೆಡ್ತಾರೆ ಅಂತ ಈ ಸಲ ಯಾರೂ ನೆಡಲಿಲ್ಲ.

ಫೆಬ್ರವರಿಯ ಒಂದು ಮಧ್ಯಾಹ್ನ ಅಜ್ಜನ ಹೆಂಡತಿ ಸಿಗ್ನೆಗೆ ಔಷಧಿ ಕೊಡಲು ಕೆರೆ ದಾಟುತ್ತಿದ್ದೆ. ಹಿಮಗಾಳಿ ಎದ್ದಿತು. ನನ್ನ ಕೈ ನನಗೇ ಕಾಣದು. ಆಗ ಎದುರಿಗೊಂದು ಕೊಂಬೆ ಕಂಡಿತು, ಅದರಾಚೆ ಇನ್ನೊಂದು. ಅಂಥ ಗಾಳಿಗೂ ಒಂದೆಲೆಯೂ ಅಲುಗುತ್ತಿರಲಿಲ್ಲ. ಮೂಗು ಮರಗಟ್ಟುವ ಚಳಿಯಲ್ಲೂ ಈಗಷ್ಟೇ ಕಡಿದ ಹಸಿಮರದ ವಾಸನೆ. ಸಾಲು ಎಲ್ಲೋ ಸುತ್ತಿಬಳಸಿ ಹೋಯಿತು. ನಾನೂ ಅದರ ಹಿಂದೆಯೇ ಹೋಗಿ ಸಿಗ್ನೆಯ ಮನೆ ಮುಟ್ಟಿದೆ.

“ಕೊಂಬೆ ಯಾರು ನೆಟ್ರು, ಅಜ್ಜಿ?”

“ಯಾರು ನೆಡ್ತಾರೆ? ನಿಮ್ಮಂಥ ಸೋಮಾರಿಗಳಾ?” ಅಂದಳು ಸಿಗ್ನೆ. ಆಮೇಲೆ ನನ್ನ ಮುಖ ನೋಡಿ ಕಾಫಿ ಪಾತ್ರೆ ಎತ್ತಿಕೊಂಡಳು. ಮನೆಯಲ್ಲಿದ್ದದ್ದು ನಾವಿಬ್ಬರೇ. ಕಾಫಿ ಬಗ್ಗಿಸಿದ್ದು ಮೂರು ಲೋಟಕ್ಕೆ.

ಮರುದಿನ ಬಿಸಿಲು ಬಂತು. ಕೆರೆಯ ಮೇಲೆ ಒಂದೂ ಕೊಂಬೆ ಇರಲಿಲ್ಲ. ನಾನು ನೇರ ಹೋಗಬೇಕೆಂದಿದ್ದ ಕಡೆ ಮಂಜುಗಡ್ಡೆ ಬಿರಿದು ಕಪ್ಪು ನೀರು ಕಾಣುತ್ತಿತ್ತು.

ಪ್ರತಿ ಮೇ ತಿಂಗಳಲ್ಲಿ ಮಂಜುಗಡ್ಡೆ ಕರಗಿದಾಗ ನೆಟ್ಟ ಕೊಂಬೆಗಳು ಒಣಗಿ ಕೆಂಪಾಗಿ ದಡಕ್ಕೆ ಬಂದು ಬೀಳುತ್ತವೆ. ಈ ವರ್ಷವೂ ಬಂದವು, ಸಿಗ್ನೆಯ ಮನೆಯ ದಡಕ್ಕೇ. ಎಲ್ಲವೂ ಹಸಿರಾಗಿದ್ದವು.